ಹ್ಯಾಪಿನೆಸ್ಸೋ, ಹ್ಯಾಪಿಲಿಯೋ?

ನಾವು ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ತುಮಕೂರಿಗೆ ಬಂದು ಪತ್ರಿಕೋದ್ಯಮ ಓದಿದವರು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಊರಿಗೆ ಹೋದಾಗಲೆಲ್ಲ ಎಸ್ಸೆಸ್ಸೆಲ್ಸಿ ಓದುವ ತಮ್ಮ, ತಂಗಿಯರು ಕೇಳುವ ಪ್ರಶ್ನೆ ಇದು: "ಅಕ್ಕಾ, ಅಬ್‌ಸ್ಟ್ರಾಕ್ಟ್ ನೌನ್ ಯಾವ್ದು, ಅಡ್ವರ್ಬ್ ಯಾವ್ದು ಅಂತ ಹೆಂಗ್ ಗೊತ್ತಾಗುತ್ತೆ?"

ಗೈಡುಗಳಲ್ಲಿ ಪಟ್ಟಿ ಇರುತ್ತದೆ. ಕೊನೆಯಲ್ಲಿ 'ನೆಸ್', 'ಇಟಿ' ಬಂದರೆ ಭಾವನಾಮ, 'ಲಿ' ಬಂದರೆ ಕ್ರಿಯಾವಿಶೇಷಣ. ಬಹುಪಾಲು ಸರಿಯೇ. ಆದರೆ ಸ್ವಂತ ವಾಕ್ಯ ಬರೆಯಲು ಕೂತಾಗ ಪಟ್ಟಿ ಕೈಕೊಡುತ್ತದೆ. ಯಾಕೆಂದರೆ ಕನ್ನಡದ ನಡೆಯೇ ಬೇರೆ. "ಅವಳು ಸಂತೋಷದಿಂದ ಹೇಳಿದಳು" ಅನ್ನುತ್ತೇವೆ. ಸಂತೋಷ ಒಂದು ಹೆಸರು. ಅದಕ್ಕೆ 'ಇಂದ' ಸೇರಿದರೆ ಹೇಳಿದ ರೀತಿ ಬಂತು. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಬರೀ ಹ್ಯಾಪಿನೆಸ್ ತಂದು ಕೂರಿಸಿದರೆ ವಾಕ್ಯ ನಿಲ್ಲುವುದಿಲ್ಲ, ಹ್ಯಾಪಿಲಿ ಬೇಕು. ಮಕ್ಕಳು ದಡ್ಡರಲ್ಲ, ಕನ್ನಡದ ದಾರಿಯಲ್ಲಿ ನಡೆದು ಬಂದಿದ್ದಾರೆ ಅಷ್ಟೇ.

ನಾವು ಹೇಳಿಕೊಡುವುದು ಎರಡು ಪರೀಕ್ಷೆ.

ಒಂದು, ಪದಕ್ಕೆ ಮೊದಲು 'ಹರ್' ಇಟ್ಟು ನೋಡಿ. ಹರ್ ಹ್ಯಾಪಿನೆಸ್, ಹರ್ ಹಾನೆಸ್ಟಿ, ಹರ್ ಬ್ರೇವರಿ. ಅವಳ ಸಂತೋಷ, ಅವಳ ಪ್ರಾಮಾಣಿಕತೆ, ಅವಳ ಧೈರ್ಯ. ಒಪ್ಪಿದರೆ ಅದು ಹೆಸರು. ಮುಟ್ಟಲು ಸಿಗದ, ಮನಸ್ಸಿಗೆ ಮಾತ್ರ ಸಿಗುವ ಹೆಸರು ಭಾವನಾಮ. 'ಅವಳ ಸಂತೋಷವಾಗಿ' ಅಂದರೆ ಕಿವಿಗೇ ಒಪ್ಪದು, ಹಾಗೆಯೇ ಹರ್ ಹ್ಯಾಪಿಲಿ.

ಎರಡು, ಕ್ರಿಯಾಪದವನ್ನು ಹೇಗೆ, ಯಾವಾಗ, ಎಲ್ಲಿ ಎಂದು ಕೇಳಿ. ಬಸ್ಸು ಹೇಗೆ ಹೋಯಿತು? ಸ್ಲೋಲಿ. ಯಾವಾಗ ಬಂತು? ಟುಡೇ. ಹೀಗೆ ಉತ್ತರ ಕೊಡುವ ಪದ ಕ್ರಿಯಾವಿಶೇಷಣ.

ಬಾಲ ನೋಡಿ ಮಾತ್ರ ನಂಬಬೇಡಿ. ಫ್ರೆಂಡ್ಲಿ ಅನ್ನುವುದು ಮನುಷ್ಯರ ಗುಣ ಹೇಳುವ ವಿಶೇಷಣ. ಫ್ಯಾಮಿಲಿ ಬರೀ ಹೆಸರು. ಕುಣಿಗಲ್ ಸ್ಟಡ್ ಫಾರಂ ಕುದುರೆ 'ಫಾಸ್ಟ್' ಓಡುತ್ತದೆ. ಅಲ್ಲಿ 'ಲಿ' ಇಲ್ಲದೆಯೂ ಅದು ಕ್ರಿಯಾವಿಶೇಷಣವೇ.

ಇದು ಒಂದೆರಡು ಅಂಕದ ಮಾತಷ್ಟೇ ಅಲ್ಲ. ಹಾರ್ಡ್ ಅಂದರೆ ಕಷ್ಟಪಟ್ಟು, ಹಾರ್ಡ್ಲಿ ಅಂದರೆ ಇಲ್ಲವೆನ್ನುವಷ್ಟು ಕಡಿಮೆ. ರಾಗಿ ಬೆಳೆ ಮಳೆಗೆ ಮಲಗಿದೆ ಅಂದುಕೊಳ್ಳಿ. ಇಂಗ್ಲಿಷ್ ಕಾಗದದಲ್ಲಿ 'ಬ್ಯಾಡ್ಲಿ ಡ್ಯಾಮೇಜ್ಡ್' ಅಂತಿದ್ದರೆ ಬೆಳೆ ವಿಪರೀತ ಹಾಳಾಗಿದೆ, 'ಹಾರ್ಡ್ಲಿ ಡ್ಯಾಮೇಜ್ಡ್' ಅಂತಿದ್ದರೆ ಏನೂ ಆಗಿಲ್ಲವೆಂಬಂತೆ. ಪರಿಹಾರ ಕೇಳುವ ರೈತ ಸಹಿ ಹಾಕುವ ಮುಂಚೆ ಅದನ್ನು ಓದಿ ಹೇಳಬೇಕಾದವರು ಮನೆಯಲ್ಲಿರುವ ಈ ಮಕ್ಕಳೇ.

ವ್ಯಾಕರಣ ನಮ್ಮ ಕಡೆಯವರಿಗೆ ಹೊರಗಿನ ವಿದ್ಯೆಯೇನಲ್ಲ. 'ಕನ್ನಡ ಮಧ್ಯಮ ವ್ಯಾಕರಣ' ಬರೆದ ತೀ.ನಂ.ಶ್ರೀಕಂಠಯ್ಯ ನಮ್ಮ ಜಿಲ್ಲೆಯವರು, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಕನ್ನಡದಲ್ಲಿ ಭಾವನಾಮ, ಕ್ರಿಯಾವಿಶೇಷಣ ಗೊತ್ತಾದರೆ ಇಂಗ್ಲಿಷಿನದು ಅರ್ಧ ಕಲಿತ ಹಾಗೆ.

ಇವತ್ತೇ ಶುರುಮಾಡಿ. ಕೈಂಡ್, ಬ್ರೇವ್, ಸ್ಲೋ, ಹಾನೆಸ್ಟ್, ಸ್ಯಾಡ್. 5 ಪದ ಬರೆದು ಒಂದೊಂದರ ಎದುರಿಗೆ ಹೆಸರು ಒಂದು, 'ಹೇಗೆ' ಒಂದು ತುಂಬಿಸಿ. ಕೈಂಡ್‌ನೆಸ್, ಕೈಂಡ್ಲಿ. ಉಳಿದ ನಾಲ್ಕು ನಿಮ್ಮವು.