ಕುರೂಪಿ ಎಂಬ ಮುದ್ದಿನ ಹೆಸರು

ರಷ್ಯನ್ ಕಾದಂಬರಿಗಳನ್ನು ಹಿಡಿದವರಿಗೆ ಮೊದಲ ತೊಡಕು ಹೆಸರುಗಳದು. ದಾಸ್ತೊಯೆವ್‌ಸ್ಕಿಯ ಕರಮಾಜೋವ್ ಸೋದರರಲ್ಲಿ ಹಿರಿಯನಾದ ದ್ಮಿತ್ರಿ ಮರುಪುಟದಲ್ಲಿಯೇ ಮಿತ್ಯ ಆಗುತ್ತಾನೆ; ಮರ್ಯಾದೆಯಿಂದ ಕರೆಯುವವರಿಗೆ ಅವನು ದ್ಮಿತ್ರಿ ಫ್ಯೊದರೊವಿಚ್, ಎಂದರೆ ಫ್ಯೊದರನ ಮಗ. ನನಗಂತೂ ಬರಬರುತ್ತ ಕಥೆಯಷ್ಟೇ ಈ ಹೆಸರುಗಳ ಬೆನ್ನುಹತ್ತುವುದೂ ಸೊಗಸೆನಿಸಿತು. ದ್ಮಿತ್ರಿ ಎಂದರೆ ಗ್ರೀಕರ ಪೈರಿನ ದೇವತೆ ದಿಮೀತರಳಿಗೆ ಸೇರಿದವನು. ಫ್ಯೊದರ್ ಎಂದರೆ ದೇವರ ಕೊಡುಗೆ. ನಮ್ಮ ದೇವದತ್ತನೇ ಸರಿ.

ರಷ್ಯಕ್ಕೆ ಗ್ರೀಕ್ ಹೆಸರುಗಳು ಬಂದುದು ಧರ್ಮದ ದಾರಿಯಿಂದ. 988ರಲ್ಲಿ ಕೀವಿನ ರಾಜ ವ್ಲಾದಿಮಿರ್ ಕ್ರೈಸ್ತನಾದಾಗ ದೀಕ್ಷೆಯಲ್ಲಿ ಅವನಿಗೆ ದೊರೆತ ಹೆಸರು ವಸೀಲಿ. ಗ್ರೀಕಿನಲ್ಲಿ ಅದಕ್ಕೆ ಅರಸು ಎಂದರ್ಥ. ಆದರೆ ಜನ ವ್ಲಾದಿಮಿರನನ್ನು ಬಿಡಲಿಲ್ಲ. ಮುಂದೆ ಅವನು ಸಂತನೆನಿಸಲು ಆ ನಾಡಹೆಸರೇ ಚರ್ಚಿನ ಪಟ್ಟಿಗೆ ಏರಿತು.

ಹಳೆಯ ಸ್ಲಾವ್ ಹೆಸರುಗಳಲ್ಲಿ ನಮಗೆ ನಂಟರೂ ಸಿಗುತ್ತಾರೆ. ಸ್ವ್ಯಾತಸ್ಲಾವ್, ಯಾರಸ್ಲಾವ್ ಮೊದಲಾದವುಗಳ ‘ಸ್ಲಾವ’ ಎಂದರೆ ಕೀರ್ತಿ. ಸಂಸ್ಕೃತದ ‘ಶ್ರವಸ್’ ಅದರ ಒಡಹುಟ್ಟು. ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ಬಾಳಿದ ಚಿತ್ರಕಾರ ರೋರಿಕರ ಹೆಸರಿನಲ್ಲಿಯೂ ಇದೇ ಕೀರ್ತಿಯಿದೆ. ಹೆಂಗಸರ ಹೆಸರಾದ ಲ್ಯುಬೋವ್ ಎಂದರೆ ಪ್ರೀತಿ. ಅದಕ್ಕೂ ನಮ್ಮ ಲೋಭಕ್ಕೂ ಮೂಲವೊಂದೇ. ಅಲ್ಲಿ ಪ್ರೀತಿಯಾಗಿ ಉಳಿದುದು ಇಲ್ಲಿ ಅರಿಷಡ್ವರ್ಗಕ್ಕೆ ಸೇರಿಹೋಯಿತು!

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಹೆಸರು ನೆಕ್ರಾಸ್. ಚೆಲುವಿಲ್ಲದವನು ಎಂದು ಅದರ ಅರ್ಥ. ಹೆತ್ತವರು ಮಗುವಿಗೆ ಬೇಕೆಂದೇ ಇಂಥ ಹೆಸರಿಡುತ್ತಿದ್ದರು. ಕುರೂಪಿಯ ಮೇಲೆ ಕೆಟ್ಟ ಕಣ್ಣು ಬೀಳದೆಂಬ ನಂಬಿಕೆ. ಇದನ್ನು ಓದಿದಾಗ ನನಗೆ ನಮ್ಮಜ್ಜಿ ನೆನಪಾದಳು. ಮೂರು ಕೂಸುಗಳನ್ನು ಮಣ್ಣಿಗಿತ್ತ ಆಕೆ ನಾಲ್ಕನೆಯದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪೆಯ ಹೆಸರನ್ನೇ ಇಟ್ಟಳಂತೆ. ಆ ಕೂಸೇ ನನ್ನ ತಂದೆ. ಎಲ್ಲಿಯ ವೋಲ್ಗಾ ತೀರ, ಎಲ್ಲಿಯ ನಮ್ಮ ಹಟ್ಟಿ! ತಾಯಂದಿರ ಅಂಜಿಕೆ ಮಾತ್ರ ಒಂದೇ.

ಚರ್ಚಿನ ಹೆಸರುಗಳ ಮುಂದೆ ನೆಕ್ರಾಸ್ ಕ್ರಮೇಣ ಅಳಿಯಿತು. ಆದರೆ ಕವಿ ನೆಕ್ರಾಸೊವನ ಮನೆತನದ ಹೆಸರಿನಲ್ಲಿ ಅದು ಬದುಕಿದೆ. ಮೂರನೆಯ ಮಗ ‘ತ್ರೆತ್ಯಾಕ್’ ಕೂಡ ಹಾಗೆಯೇ ಮಾಸ್ಕೋದ ತ್ರೆತ್ಯಾಕೊವ್ ಚಿತ್ರಶಾಲೆಯ ಹೆಸರಿನಲ್ಲಿ ಅಡಗಿದ್ದಾನೆ.

1917ರ ಕ್ರಾಂತಿಯ ಬಳಿಕ ತೊಟ್ಟಿಲಿಗೆ ರಾಜಕೀಯ ಬಂದಿತು. ವ್ಲಾದಿಮಿರ್ ಲೆನಿನ್ ಕೂಡಿ ವ್ಲಾದ್ಲೆನ್ ಆಯಿತು. ಲೆನಿನ್ ತಿರುಗುಮುರುಗಾಗಿ ನಿನೆಲ್ ಎಂಬ ಹುಡುಗಿಯಾಯಿತು. ಮಾರ್ಕ್ಸ್, ಎಂಗೆಲ್ಸ್, ಲೆನಿನ್, ಸ್ಟಾಲಿನರ ಮೊದಲಕ್ಷರಗಳಿಂದ ಮೆಲ್ಸ್ ಹುಟ್ಟಿದನು. 1956ರಲ್ಲಿ ಸ್ಟಾಲಿನನ ತಪ್ಪುಗಳನ್ನು ಪಕ್ಷದ ಸಭೆಯಲ್ಲಿಯೇ ಎತ್ತಿ ಆಡಿದ ಮೇಲೆ, ಕೆಲವು ಮೆಲ್ಸ್‌ಗಳು ಕೊನೆಯಕ್ಷರವನ್ನು ಕಳಚಿ ಬರಿಯ ಮೆಲ್ ಆದರು. ಸೋವಿಯತ್ ರಾಜ್ಯವೇ 1991ರಲ್ಲಿ ಮುಗಿಯಿತು. ಈಗ ಅಲ್ಲಿಯ ತೊಟ್ಟಿಲುಗಳಲ್ಲಿ ಅಲೆಕ್ಸಾಂದರ್, ಮರಿಯ, ಸೋಫಿಯರೇ ಹೆಚ್ಚು.

ದೊಡ್ಡ ಹೆಸರುಗಳೆಲ್ಲ ಮಗುವಿನಿಂದ ಏನನ್ನಾದರೂ ಬೇಡುತ್ತವೆ: ರಾಜನಾಗು, ಕೀರ್ತಿ ತಾ, ಕ್ರಾಂತಿಯನ್ನು ಹೊರು. ನೆಕ್ರಾಸ್ ಎಂದು ಕರೆದ ತಾಯಿ ಬೇಡಿದ್ದು ಅದರ ಉಸಿರೊಂದನ್ನೇ.