ಭಂಗಾರದೊಳಗಿನ ಬಂಗಾರ

ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಟ್ಟವೆಂದರೆ ನೆನಪುಗಳ ಉಗ್ರಾಣ. ತಂದೆಯವರು ಧಾರವಾಡದಿಂದ ತಂದ ಮರದ ಪೆಟ್ಟಿಗೆಯ ರೇಡಿಯೋ, ಡೊಳ್ಳುಹೊಟ್ಟೆಯ ಟೀವಿ, ಉಸಿರು ನಿಂತ ನಾಲ್ಕು ಮೊಬೈಲುಗಳು, ಎಲ್ಲಕ್ಕೂ ಅಲ್ಲಿಯೇ ವಾಸ. ದೀಪಾವಳಿಯ ಮೊದಲು ಅಟ್ಟ ಖಾಲಿ ಮಾಡಲು ಹೊರಟಾಗ ಭಂಗಾರದವನು ಬಂದು, ನೂರೈವತ್ತು ರೂಪಾಯಿ ಎಣಿಸಿ ಟೀವಿಯನ್ನು ಹೊತ್ತೊಯ್ದ.

ಮರುದಿನ ಕಾಯಿಪಲ್ಲೆಗೆಂದು ಹೋದವರು ಅವನ ಅಂಗಡಿಯ ಮುಂದೆ ನಿಂತುಬಿಟ್ಟೆವು. ನಮ್ಮ ಮಗನ ವಯಸ್ಸಿನ ಹುಡುಗನೊಬ್ಬ ಅದೇ ಟೀವಿಯ ಚಿತ್ರನಳಿಕೆಯ ಮೇಲೆ ಸುತ್ತಿಗೆ ಎತ್ತಿದ್ದ. ಪಕ್ಕದಲ್ಲಿ ತಾಮ್ರಕ್ಕಾಗಿ ತಂತಿ ಸುಡುತ್ತಿತ್ತು. ಆ ಗಾಜಿನಲ್ಲಿ ಸೀಸವಿರುತ್ತದೆ. ಆ ಹೊಗೆಯಂತೂ ವಿಷವೇ. ಇನ್ನೂರು ಕೊಟ್ಟು ನಮ್ಮ ಟೀವಿಯನ್ನು ನಾವೇ ಬಿಡಿಸಿಕೊಂಡು ಬಂದೆವು. ನೆರೆಯವರು ನಕ್ಕರು.

ಶನಿವಾರ ಟೆಂಪೊ ಮಾಡಿಕೊಂಡು ತುರ್ಭೆಗೆ ಹೊರಟೆವು. ಶಿಳಫಾಟಾ, ಮಹಾಪೆ ದಾಟಿದರೆ ಠಾಣೆ-ಬೇಲಾಪುರ ರಸ್ತೆ. ಒಂದು ಮಗ್ಗುಲಿಗೆ ಕಾರಖಾನೆಗಳು, ಅವುಗಳ ಬೆನ್ನಿಗೆ ಗುಡ್ಡ. ಇನ್ನೊಂದು ಮಗ್ಗುಲಿಗೆ ರೈಲುಹಳಿ. ಹಳಿಯಾಚೆಯ ಸಗಟು ಪೇಟೆಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಬರುತ್ತದೆ. ಊರಿನ ಸರಕು ಈಚೆ, ಮನೆಯ ಕಸ ಆಚೆ!

ಪರವಾನಗಿ ಪಡೆದ ಆ ಘಟಕದಲ್ಲಿ ತೂಕ ಮಾಡಿ ಚೀಟಿ ಕೊಟ್ಟರು. ಕೈಗವಸು ತೊಟ್ಟವರು ತಿರುಪು ಬಿಚ್ಚಿ ತಾಮ್ರ, ಅಲ್ಯುಮಿನಿಯಂ, ಪ್ಲಾಸ್ಟಿಕ್, ಗಾಜು ಎಂದು ಬೇರ್ಪಡಿಸುತ್ತಿದ್ದರು. ಮೊಬೈಲಿನ ಹಸಿರು ಹಲಗೆಯಲ್ಲಿ ತುಸು ಚಿನ್ನವೂ ಇದೆಯೆಂದು ಮೇಲ್ವಿಚಾರಕರು ಹೇಳಿದರು. ಮರಾಠಿಯ ಭಂಗಾರಕ್ಕೂ ನಮ್ಮ ಬಂಗಾರಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರ!

ಬೆಂಗಳೂರಿನ ಬಳಿಯ ಡಾಬಸ್‌ಪೇಟೆಯಲ್ಲಿ ಇಂಥ ಕೆಲಸಕ್ಕೆ 2005ರಲ್ಲೇ ‘ಇ-ಪರಿಸರ’ ಆರಂಭವಾಗಿತ್ತು. ದೇಶದ ಮೊದಲ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದದ್ದು 2012ರ ಮೇ 1ರಂದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮಗಳಲ್ಲಿಯೂ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಆದರೆ ವಸ್ತುವನ್ನು ಸರಿಯಾದ ಬಾಗಿಲಿಗೆ ಮುಟ್ಟಿಸುವವರು ನಾವೇ ತಾನೆ? ಮೊಬೈಲು ಕೊಡುವ ಮೊದಲು ಅದರೊಳಗಿನ ಚಿತ್ರ, ಲೆಕ್ಕಪತ್ರಗಳನ್ನು ಅಳಿಸಿರಿ. ಬ್ಯಾಟರಿ ಉಬ್ಬಿದ್ದರೆ ಒತ್ತದಿರಿ, ಚುಚ್ಚದಿರಿ.

ಎಲ್ಲವನ್ನೂ ಕೊಟ್ಟೆವು, ರೇಡಿಯೋ ಒಂದನ್ನು ಬಿಟ್ಟು. ತಾಯಿಯವರು ಅದನ್ನು ಮಡಿಲಿನಿಂದ ಇಳಿಸಲೇ ಇಲ್ಲ. “ತಮ್ಮಾ, ಇದರಾಗ ನಿಮ್ಮಪ್ಪನ ಸಂಜೀ ಅದಾವು,” ಎಂದರು. ರಿಪೇರಿಗೆ ಕೊಟ್ಟಿದ್ದೇವೆ; ದುರಸ್ತಿಯಾದ ವಸ್ತು ಕಸವಲ್ಲ.

ಆ ಹುಡುಗನ ಸುತ್ತಿಗೆ ಮಾತ್ರ ಇನ್ನೂ ಕೆಳಗಿಳಿದಿಲ್ಲ. ಒಂದು ಟೀವಿ ಬಿಡಿಸಿ ತಂದರೆ ಅದು ಇಳಿಯುವುದೂ ಇಲ್ಲ. ಅಂದು ನಕ್ಕ ನೆರೆಯವರಲ್ಲಿ ಮೂರು ಮನೆಯವರು ಈಗ ತಮ್ಮ ಅಟ್ಟ ನೋಡಿದ್ದಾರೆ. ಮುಂದಿನ ಟೆಂಪೊದಲ್ಲಿ ಜಾಗವಿದೆ, ಬರುತ್ತೀರಾ?