ಹೊಗೆ ಯಾವಾಗ ಬರುತ್ತದೆ?

ನಮ್ಮ ಮನೆಯಲ್ಲಿ 1996ರ ಒಂದು ಮಾರುತಿ 800 ಇತ್ತು. ಇಲ್ಲೇ ಗುಡಗಾಂವ್ ಕಾರ್ಖಾನೆಯಲ್ಲಿ ತಯಾರಾದ, ಮೂರು ಸಿಲಿಂಡರಿನ, 796 ಸಿ.ಸಿ. ಎಂಜಿನ್ನಿನ ಪುಟ್ಟ ಕಾರು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

2010ರ ಚಳಿಗಾಲದ ಹೊತ್ತಿಗೆ ಅದು 1,70,000 ಕಿ.ಮೀ. ಓಡಿತ್ತು. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಹಿಂದಿನಿಂದ ನೀಲಿ ಹೊಗೆ. ಒಂದು ಗ್ಯಾರೇಜಿನಲ್ಲಿ, "ಹಳೇ ಗಾಡಿ, ರಿಂಗ್ ಸವೆದಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು" ಎಂದರು. "ಮಾರಿಬಿಡೋಣ" ಎಂದೆ ನಾನು. ಅಪ್ಪ, "ಇನ್ನೊಬ್ಬರನ್ನು ಕೇಳೋಣ ಕಣೋ" ಎಂದರು.

ಕರೋಲ್ ಬಾಗಿನ ಗಲ್ಲಿಯೊಂದರಲ್ಲಿದ್ದ ಹಿರಿಯ ಮಿಸ್ತ್ರಿ ಬಾನೆಟ್ಟನ್ನೇ ಎತ್ತಲಿಲ್ಲ. ಮೊದಲು ಕೇಳಿದ್ದು ಇಷ್ಟೇ: "ಹೊಗೆ ಯಾವಾಗ ಬರುತ್ತೆ? ಯಾವ ಬಣ್ಣ?"

ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಏರ್ ಫಿಲ್ಟರ್, ಕಾರ್ಬುರೇಟರ್ ನೋಡಬೇಕು. ಚಳಿಯ ಬೆಳಿಗ್ಗೆ ತುಸು ಬಿಳಿ ಆವಿ ಸಹಜ. ಎಂಜಿನ್ ಬಿಸಿಯಾದ ಮೇಲೂ ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ನೀಲಿಯೆಂದರೆ ಆಯಿಲ್ ಉರಿಯುತ್ತಿದೆ. ಗಾಡಿ ಎಳೆಯುವಾಗಲೆಲ್ಲ ಬಂದರೆ ಸಾಮಾನ್ಯವಾಗಿ ರಿಂಗ್. ಬೆಳಿಗ್ಗೆ ಬಂದು ಮಾಯವಾದರೆ ವಾಲ್ವಿನ ರಬ್ಬರ್ ಸೀಲ್ ಗಟ್ಟಿಯಾಗಿ, ರಾತ್ರಿಯೆಲ್ಲ ಆಯಿಲ್ ಜಿನುಗಿರುತ್ತದೆ.

ಆಮೇಲೆ ಪ್ಲಗ್ ತೆಗೆದು ಕಂಪ್ರೆಷನ್ ಅಳೆದರು. "ಕಡಿಮೆ ಬಂದರೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡೋದು. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್" ಎಂದರು. ನಮ್ಮದು ಮೂರೂ ಸಿಲಿಂಡರಿನಲ್ಲಿ ಸರಿಯಾಗಿಯೇ ಇತ್ತು. ಸೀಲ್ ಬದಲಿಸಿದರು, ಮೊದಲು ಕೇಳಿದ ಹಣದ ಕಾಲುಭಾಗವೂ ಆಗಲಿಲ್ಲ.

ಅಂದು ಸಂಜೆ ಅಪ್ಪ ಮೆಟ್ಟಿಲ ನಡುವೆ ಕಟಕಟೆ ಹಿಡಿದು ನಿಂತರು. ತಿಂಗಳುಗಳಿಂದ ಹಾಗೆ ನಿಲ್ಲುತ್ತಿದ್ದರು. "ವಯಸ್ಸಾಯ್ತು" ಎನ್ನುತ್ತಿದ್ದರು, ನಾನೂ ಒಪ್ಪಿಕೊಂಡಿದ್ದೆ. ಗ್ಯಾರೇಜಿನವರ "ಹಳೇ ಗಾಡಿ" ಎಂಬ ಮಾತು ನೆನಪಾಗಿ ನಾಚಿಕೆಯಾಯಿತು. ಮೊದಲ ಬಾರಿಗೆ ಕೇಳಿದೆ: "ಯಾವಾಗಿನಿಂದ ಅಪ್ಪಾ? ಹತ್ತುವಾಗ ಮಾತ್ರವೋ, ಕೂತಾಗಲೂ ಬರುತ್ತೋ? ಎದೆ ಹಿಡಿಯುತ್ತಾ?"

ಮರುದಿನ ವೈದ್ಯರು ಕೇಳಿದ್ದೂ ಅವೇ ಪ್ರಶ್ನೆಗಳು. ಹೃದಯದ ರಕ್ತನಾಳದಲ್ಲಿ ತಡೆಯಿತ್ತು. ಸ್ಟೆಂಟ್ ಹಾಕಿದರು. ಅಪ್ಪ ಚೇತರಿಸಿಕೊಂಡು ನಾಲ್ಕು ವರ್ಷ ಅದೇ ಕಾರನ್ನು ಓಡಿಸಿದರು. ದೆಹಲಿಯ ರಸ್ತೆಗಳಲ್ಲಿ 15 ವರ್ಷ ದಾಟಿದ ವಾಹನ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ ಅದನ್ನು ಬೀಳ್ಕೊಟ್ಟೆವು.

ಯುವ ಮಿತ್ರರೇ, ನಿಮ್ಮ ಕಾರುಗಳಲ್ಲಿ ತೊಂದರೆಯಾದರೆ ದೀಪ ಹತ್ತುತ್ತದೆ, ಯಂತ್ರ ಕೋಡ್ ಓದಿ ಹೇಳುತ್ತದೆ. ಮನೆಯ ಹಿರಿಯರಲ್ಲಿ ಅಂಥ ದೀಪವಿಲ್ಲ. "ವಯಸ್ಸಾಯ್ತು" ಎಂಬುದು ಯಾವ ಕಾಯಿಲೆಯ ಹೆಸರೂ ಅಲ್ಲ. ಪಕ್ಕದಲ್ಲಿ ಕುಳಿತು, ಅವರಿಗೆ ಹಿತವಾದ ಕನ್ನಡದಲ್ಲೇ ಕೇಳಿ: "ಯಾವಾಗಿನಿಂದ?"